‘ಟೈಮಿಂಗ್ ಎಷ್ಟು’ ಅನ್ನೋ ಮುಂಚೆ ‘ಎಲ್ಲಿ’ ಅಂತ ಕೇಳಿ

ಟ್ರಯಥ್ಲಾನ್ ಮುಗಿಸಿ ಬಂದವರಿಗೆ ನಮ್ಮ ಬೆಂಗಳೂರಿನ ಆಫೀಸುಗಳಲ್ಲಿ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ಟೈಮಿಂಗ್ ಎಷ್ಟು?’ ಆರೂವರೆ ಗಂಟೆ ಅಂದರೆ ‘ಸೂಪರ್’ ಅಂತಾರೆ. ಏಳೂವರೆ ಗಂಟೆ ಅಂದರೆ ‘ಪರವಾಗಿಲ್ಲ ಬಿಡಿ, ಮುಗಿಸಿದ್ರಲ್ಲಾ’ ಅಂತಾರೆ. ಆ ‘ಪರವಾಗಿಲ್ಲ ಬಿಡಿ’ ಇದೆಯಲ್ಲ, ಅದು ಕಾಲುನೋವಿಗಿಂತ ಹೆಚ್ಚು ದಿನ ಉಳಿಯುತ್ತೆ. ಎಲ್ಲಿ ಈಜಿದಿರಿ, ರಸ್ತೆ ಹೇಗಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಓಡುವಾಗ ಬಿಸಿಲು ಎಷ್ಟಿತ್ತು ಅಂತ ಕೇಳುವವರು ತೀರಾ ಕಡಿಮೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸೋದು. ನಡುವೆ ಬಟ್ಟೆ, ಶೂ ಬದಲಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತೆ. ದೂರದ ಟ್ರಯಥ್ಲಾನ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಐರನ್‌ಮ್ಯಾನ್. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದಾದ ಮೇಲೆ 42.2 ಕಿ.ಮೀ. ಓಟ, ಅಂದರೆ ಒಂದು ಪೂರ್ತಿ ಮ್ಯಾರಥಾನ್. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಇದು ಮೊದಲ ಸಲ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಇದರ ಅರ್ಧ ದೂರದ ರೇಸಿಗೆ 70.3 ಅಂತ ಹೆಸರು. ಮೂರೂ ದೂರಗಳನ್ನು ಮೈಲಿಯಲ್ಲಿ ಕೂಡಿದರೆ ಬರುವ ಮೊತ್ತ ಅದು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಭಾರತಕ್ಕೆ ಈ 70.3 ಬಂದದ್ದು 2019ರ ಅಕ್ಟೋಬರ್‌ನಲ್ಲಿ, ಗೋವಾಕ್ಕೆ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದ ಸುದ್ದಿ ಬಂದ ಮೇಲೆ ನಮ್ಮ ಹೊಳಲ್ಕೆರೆಯ ಟೀ ಅಂಗಡಿಯಲ್ಲೂ ಈ ಹೆಸರು ಕೇಳಿಬಂತು.

ನಮ್ಮ ಕಂಪನಿಯಲ್ಲಿ ಇದರ ಹುಚ್ಚು ಹಿಡಿದವರು ಹತ್ತು ಹನ್ನೆರಡು ಜನ ಇದ್ದೇವೆ. ನಮ್ಮದೊಂದು ಎಕ್ಸೆಲ್ ಶೀಟ್ ಇದೆ. ಅದರಲ್ಲಿ ಮೂರೇ ಕಾಲಂ: ಹೆಸರು, ದೂರ, ಟೈಮಿಂಗ್. ಕಡಿಮೆ ಟೈಮಿಂಗ್ ಇರುವ ಇಬ್ಬರಿಗೆ ಮುಂದಿನ ರೇಸಿನ ಎಂಟ್ರಿ ಫೀಸನ್ನು ಕಂಪನಿಯೇ ಕಟ್ಟುತ್ತೆ. ಫೀಸು ಹತ್ತಾರು ಸಾವಿರ. ಸೈಕಲ್ ಇಎಂಐ, ಪಿಜಿ ಬಾಡಿಗೆ, ಮನೆಗೆ ಕಳಿಸೋ ದುಡ್ಡು ಎಲ್ಲ ಕಳೆದು ಉಳಿದದ್ದರಲ್ಲಿ ರೇಸ್ ಮಾಡುವವರಿಗೆ ಅದು ಸಣ್ಣ ಮೊತ್ತ ಅಲ್ಲ.

ಆ ಶೀಟಿನಲ್ಲಿ ನಾನು ಎರಡನೆಯ ಸಾಲಿನಲ್ಲಿದ್ದೆ. 6 ಗಂಟೆ 24 ನಿಮಿಷ. ಆನ್‌ಸೈಟ್ ಅಂತ ಉತ್ತರ ಯುರೋಪಿಗೆ ಹೋಗಿದ್ದಾಗ ಅಲ್ಲಿನ ಒಂದು ಸಣ್ಣ ಊರಲ್ಲಿ ಮಾಡಿದ ರೇಸ್ ಅದು. ತಂಪು ಹವೆ, ತಟ್ಟೆಯ ಹಾಗೆ ಸಪಾಟಾದ ರಸ್ತೆ, ಗಾಳಿಯೂ ಇರಲಿಲ್ಲ. ಏಳನೆಯ ಸಾಲಿನಲ್ಲಿ ನನ್ನ ಟೀಮಿನ ಒಬ್ಬಳು ಹುಡುಗಿ. ಹಿರಿಯೂರಿನವಳು, ತೆಂಗಿನ ತೋಟದ ಬಾವಿಯಲ್ಲಿ ಈಜು ಕಲಿತವಳು. ಗೋವಾದಲ್ಲಿ 7 ಗಂಟೆ 38 ನಿಮಿಷಕ್ಕೆ ಮುಗಿಸಿದ್ದಳು.

ಒಂದು ಸೋಮವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಮೆಸೇಜ್ ಬಂತು: ‘ರೋಡ್ ಬೈಕ್ ಮಾರಾಟಕ್ಕಿದೆ, ಬೇಕಾದವರು ಹೇಳಿ.’ ಕಾಫಿಗೆ ಹೋದಾಗ ಯಾಕೆ ಅಂತ ಕೇಳಿದೆ.

‘ನಿಮಗಿಂತ ಒಂದು ಗಂಟೆ ಹದಿನಾಲ್ಕು ನಿಮಿಷ ಹಿಂದೆ ಇದ್ದೀನಿ. ಮನೇಲಿ ಜಗಳ ಆಡಿ ತಗೊಂಡ ಸೈಕಲ್ ಇದು. ಒಂದೂವರೆ ವರ್ಷ ಬೆಳಗ್ಗೆ ನಾಲ್ಕೂವರೆಗೆ ಎದ್ದಿದ್ದೀನಿ. ಇಷ್ಟು ಮಾಡಿಯೂ ಇಷ್ಟೇ ಅಂದ್ರೆ ಇದು ನನಗೆ ಆಗಿಬರೋದಲ್ಲ’ ಅಂದಳು.

ಸಮಾಧಾನ ಹೇಳೋದು ಸುಲಭವಿತ್ತು. ಆದರೆ ಅವಳು ಲೆಕ್ಕ ಮುಂದಿಟ್ಟು ಮಾತಾಡಿದ್ದಳು. ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕು. ನಾವು ಸಾಫ್ಟ್‌ವೇರ್‌ನವರು ಒಂದೇ ಪ್ರೋಗ್ರಾಂ ಅನ್ನು ಎರಡು ಬೇರೆ ಬೇರೆ ಸರ್ವರ್‌ನಲ್ಲಿ ಓಡಿಸಿ, ಯಾವ ಸರ್ವರ್ ಅಂತ ಹೇಳದೆ ‘ಇದು ನಿಧಾನ’ ಅಂದರೆ ಯಾರಾದರೂ ಒಪ್ಪುತ್ತಾರಾ? ನಮ್ಮ ಶೀಟು ಮಾಡುತ್ತಿದ್ದದ್ದು ಅದನ್ನೇ.

ಒಬ್ಬನೇ ಮನುಷ್ಯ, ಮೂರು ಊರು

ನಮ್ಮ ನಿಮ್ಮಂಥವರನ್ನು ಬಿಡಿ, ಈ ಆಟದಲ್ಲೇ ಹೊಟ್ಟೆ ಹೊರೆಯುವವರನ್ನು ನೋಡೋಣ. ಡೆನ್ಮಾರ್ಕಿನ ಮ್ಯಾಗ್ನಸ್ ಡಿಟ್ಲೆವ್ 2023ರ ಜೂನ್‌ನಲ್ಲಿ ಜರ್ಮನಿಯ ರೋಟ್ ಅನ್ನೋ ಊರಲ್ಲಿ ಪೂರ್ತಿ ದೂರವನ್ನು 7 ಗಂಟೆ 24 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ. ಆವರೆಗೆ ರೋಟ್‌ನಲ್ಲಿ ಆ ದೂರವನ್ನು ಅಷ್ಟು ಬೇಗ ಯಾರೂ ಮುಗಿಸಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಅವನಿಗೆ ಬೇಕಾದದ್ದು 8 ಗಂಟೆ 11 ನಿಮಿಷ. ಎರಡೂವರೆ ತಿಂಗಳಲ್ಲಿ 47 ನಿಮಿಷ ನಿಧಾನ!

ಹಾಗಾದರೆ ಅವನು ಕೆಟ್ಟುಹೋದನಾ? ಇಲ್ಲ. ನೀಸ್‌ನಲ್ಲಿ ಅವನು ಜಗತ್ತಿಗೆ ಮೂರನೆಯವನು. ಗೆದ್ದ ಫ್ರಾನ್ಸಿನ ಸ್ಯಾಮ್ ಲೇಡ್ಲೋಗೂ 8 ಗಂಟೆ 6 ನಿಮಿಷ ಬೇಕಾಯಿತು. ಮರುವರ್ಷ ಹವಾಯಿಯ ಕೋನಾದಲ್ಲಿ ಡಿಟ್ಲೆವ್ 7 ಗಂಟೆ 43 ನಿಮಿಷಕ್ಕೆ ಎರಡನೆಯವನಾದ. ಅದೇ 2024ರಲ್ಲಿ ರೋಟ್‌ನಲ್ಲಿ ಮತ್ತೆ 7 ಗಂಟೆ 23 ನಿಮಿಷ 24 ಸೆಕೆಂಡ್. ಮೂರೂ ಕಡೆ ದೂರ ಒಂದೇ. ಕಾಲೂ ಅವವೇ.

ಬದಲಾದದ್ದು ಊರು. ರೋಟ್‌ನಲ್ಲಿ ಈಜೋದು ಅಲೆಯಿಲ್ಲದ ಕಾಲುವೆಯಲ್ಲಿ. ರಸ್ತೆ ನುಣುಪು, ಏರು ಇದ್ದರೂ ಚಿಕ್ಕಚಿಕ್ಕದು. ನೀಸ್‌ನಲ್ಲಿ ಸೈಕಲ್ ದಾರಿ ಬೆಟ್ಟ ಹತ್ತುತ್ತೆ, 180 ಕಿ.ಮೀ.ನಲ್ಲಿ ಸುಮಾರು 2,400 ಮೀಟರ್ ಏರು. ಕೋನಾದಲ್ಲಿ ಸಮುದ್ರದ ಈಜು, ಕಪ್ಪು ಲಾವಾ ಕಲ್ಲಿನ ನಡುವೆ ಸುಡುವ ಹೆದ್ದಾರಿ, ಸೈಕಲ್ಲನ್ನೇ ಪಕ್ಕಕ್ಕೆ ತಳ್ಳುವ ಅಡ್ಡಗಾಳಿ. ಜಗತ್ತಿನಲ್ಲಿ ಬೆರಳೆಣಿಕೆಯ ಒಳಗಿರುವವನಿಗೇ ಊರು ಬದಲಾದರೆ 47 ನಿಮಿಷದ ವ್ಯತ್ಯಾಸ ಆಗುತ್ತೆ ಅಂದಮೇಲೆ, ಶನಿವಾರ ಭಾನುವಾರ ತುಳಿಯುವ ನಮಗೆ ಎಷ್ಟಾಗಬೇಡ?

ನಮ್ಮ ನಾಲ್ಕೂರಿನ ಸುತ್ತು

ಇದನ್ನು ಅರ್ಥ ಮಾಡಿಕೊಳ್ಳೋಕೆ ನಾನು ಯುರೋಪಿಗೆ ಹೋಗಬೇಕಾಗಲಿಲ್ಲ. ಊರಿಂದ ಕೆಲಸ ಮಾಡುವ ವಾರಗಳಲ್ಲಿ ನಾನು ತುಳಿಯುವ ದಾರಿಯೇ ಸಾಕಾಯಿತು. ಚಿತ್ರದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ, ಅಲ್ಲಿಂದ ಹಿರಿಯೂರು, ಹೆದ್ದಾರಿ ಹಿಡಿದು ಮತ್ತೆ ದುರ್ಗ. ಹೆಚ್ಚೂಕಡಿಮೆ 160 ಕಿ.ಮೀ. ಪೂರ್ತಿ ಐರನ್‌ಮ್ಯಾನ್ ಸೈಕಲ್ ದೂರಕ್ಕೆ ಸ್ವಲ್ಪವೇ ಕಡಿಮೆ. ಒಂದೇ ಸುತ್ತಿನಲ್ಲಿ ಅಡಿಕೆ ತೋಟ, ಗುಡ್ಡ, ಬಯಲು, ತೆಂಗು, ಲಾರಿಗಳ ಸಾಲು ಎಲ್ಲ ಸಿಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ ಸಿಗುತ್ತೆ.

ದುರ್ಗದ ಗಾಳಿ ಬಗ್ಗೆ ಹೊಸದಾಗಿ ಹೇಳೋದೇನಿದೆ? ಪುಣೆ ಹೆದ್ದಾರಿಯಲ್ಲಿ ಹೋದವರೆಲ್ಲ ಗುಡ್ಡದ ಮೇಲಿನ ಫ್ಯಾನುಗಳನ್ನು ನೋಡಿರುತ್ತೀರಿ. ಕಂಪನಿಗಳು ಕೋಟಿಗಟ್ಟಲೆ ಸುರಿದು ಅವನ್ನು ಅಲ್ಲಿ ನಿಲ್ಲಿಸಿರೋದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ನುಗ್ಗುತ್ತೆ. ದುರ್ಗದಿಂದ ಹೊಳಲ್ಕೆರೆಗೆ ಹೋಗೋ ರಸ್ತೆಯೂ ನೈಋತ್ಯಕ್ಕೇ ಮುಖ ಮಾಡಿದೆ. ಅಂದರೆ ಆಷಾಢದಲ್ಲಿ ಅದು ನೇರ ಎದುರುಗಾಳಿ. ಹೊಸದುರ್ಗದಿಂದ ಹಿರಿಯೂರಿಗೆ ತಿರುಗಿದಾಗ ಅದೇ ಗಾಳಿ ಬೆನ್ನಿಗೆ ಬಂದು ತಳ್ಳುತ್ತೆ. ಹಿರಿಯೂರಿನಿಂದ ಐಮಂಗಲದ ಮೇಲೆ ದುರ್ಗಕ್ಕೆ ಬರುವಾಗ ಎಡಗಡೆಯಿಂದ ಅಡ್ಡಗಾಳಿ.

ನನ್ನ ಸೈಕಲ್ಲಿಗೆ ಪವರ್ ಮೀಟರ್ ಇದೆ. ಪೆಡಲ್ ಮೇಲೆ ಕಾಲು ಎಷ್ಟು ವ್ಯಾಟ್ ಶಕ್ತಿ ಹಾಕುತ್ತಿದೆ ಅಂತ ಅದು ತೋರಿಸುತ್ತೆ. ದುರ್ಗ–ಹೊಳಲ್ಕೆರೆ ರಸ್ತೆಯನ್ನು ಎರಡು ಸಲ, ಎರಡೂ ಸಲ ಸರಾಸರಿ 150 ವ್ಯಾಟ್‌ನಲ್ಲಿ ತುಳಿದೆ. ಜುಲೈನಲ್ಲಿ ಬೇಕಾದದ್ದು 1 ಗಂಟೆ 41 ನಿಮಿಷ. ಗಾಳಿ ಈಶಾನ್ಯಕ್ಕೆ ತಿರುಗಿದ್ದ ಡಿಸೆಂಬರ್‌ನಲ್ಲಿ 1 ಗಂಟೆ 8 ನಿಮಿಷ. ಅದೇ ರಸ್ತೆ, ಅದೇ ಸೈಕಲ್, ಅದೇ ಶ್ರಮ. ನಡುವೆ 33 ನಿಮಿಷ.

ಅಪ್ಪನಿಗೆ ಹೇಳಿದೆ. ಅಪ್ಪ ಮೂವತ್ತು ವರ್ಷ ಇದೇ ಕಡೆ ಬಸ್ ಓಡಿಸಿದವರು. ‘ಅದಕ್ಯಾಕಪ್ಪ ಅಷ್ಟು ದುಡ್ಡಿನ ಮೀಟ್ರು? ನನ್ ಕೇಳಿದ್ರೆ ಹೇಳ್ತಿದ್ದೆ. ಆಷಾಢದಾಗೆ ಹೊಳಲ್ಕೆರೆ ಕಡೆ ಹೊಡೀಬೇಕಾದ್ರೆ ಬಸ್ಸೇ ಎಳೀತಿರ್ಲಿಲ್ಲ, ನಿನ್ ಸೈಕಲ್ ಯಾವ್ ಲೆಕ್ಕ’ ಅಂದರು.

ಇಲ್ಲೊಂದು ಪ್ರಶ್ನೆ ಬರುತ್ತೆ. ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದರೆ ಎದುರುಗಾಳಿಯ ನಷ್ಟ ಬೆನ್ನಗಾಳಿಯಲ್ಲಿ ಸರಿಹೋಗಲ್ವಾ? ಹೋಗಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳಿ. ಗಾಳಿಯೇ ಇಲ್ಲದ ದಿನ ಗಂಟೆಗೆ 30 ಕಿ.ಮೀ. ವೇಗದಲ್ಲಿ 180 ಕಿ.ಮೀ. ತುಳಿದರೆ 6 ಗಂಟೆ. ಈಗ 90 ಕಿ.ಮೀ. ಎದುರುಗಾಳಿ, 90 ಕಿ.ಮೀ. ಬೆನ್ನಗಾಳಿ ಅನ್ನಿ. ಹೋಗುವಾಗ ವೇಗ 22ಕ್ಕೆ ಇಳಿಯುತ್ತೆ, ಬರುವಾಗ 37ಕ್ಕೆ ಏರುತ್ತೆ. ಹೋಗೋಕೆ 4 ಗಂಟೆ 5 ನಿಮಿಷ, ಬರೋಕೆ 2 ಗಂಟೆ 26 ನಿಮಿಷ. ಒಟ್ಟು 6 ಗಂಟೆ 31 ನಿಮಿಷ. ಗಾಳಿ ಸಾಲ ಕೊಟ್ಟಂತೆ ಕಾಣುತ್ತೆ, ಆದರೆ ಅರ್ಧ ಗಂಟೆ ಬಡ್ಡಿ ಹಿಡಿದುಕೊಂಡೇ ವಾಪಸ್ ಕೊಡೋದು. ಕಾರಣ ಸರಳ: ನಿಧಾನವಾಗಿ ಹೋಗುವ ಅರ್ಧದಲ್ಲಿ ನಾವು ಹೆಚ್ಚು ಹೊತ್ತು ಸಿಕ್ಕಿಹಾಕಿಕೊಂಡಿರುತ್ತೇವೆ.

ಏರಿನ ಕಥೆಯೂ ಇಷ್ಟೆ. ಮನುಷ್ಯ, ಸೈಕಲ್ ಸೇರಿ 85 ಕಿಲೋ ಅನ್ನಿ. ಅಷ್ಟು ತೂಕವನ್ನು 100 ಮೀಟರ್ ಎತ್ತರಕ್ಕೆ ಎತ್ತೋಕೆ 150 ವ್ಯಾಟ್‌ನವನಿಗೆ 9 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಇದು ಎತ್ತೋಕೆ ಮಾತ್ರ, ಗಾಳಿಯನ್ನು ಸೀಳುವ ಲೆಕ್ಕ ಬೇರೆ. ಇಳಿಜಾರಿನಲ್ಲಿ ಒಂದಷ್ಟು ವಾಪಸ್ ಬರುತ್ತೆ ನಿಜ. ಆದರೆ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಆ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತೆ. ಹಿರಿಯೂರಿಗಿಂತ ದುರ್ಗ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹಾಗಾಗಿ ಸುತ್ತಿನ ಕೊನೆಯ 40 ಕಿ.ಮೀ., ಕಾಲಲ್ಲಿ ಏನೂ ಉಳಿದಿಲ್ಲದಾಗ, ಒಟ್ಟಾರೆ ಮೇಲಕ್ಕೇ ಹೋಗುತ್ತೆ. ಕೋಟೆಯನ್ನು ಕಟ್ಟಿದವರು ಜಾಗವನ್ನು ಚೆನ್ನಾಗಿಯೇ ಹುಡುಕಿದ್ದರು!

ಎತ್ತರದಿಂದ ಒಂದು ಸಣ್ಣ ಲಾಭವೂ ಇದೆ. ಸಮುದ್ರಮಟ್ಟದಿಂದ 700 ಮೀಟರ್ ಮೇಲಿರುವ ನಮ್ಮ ಕಡೆ ಗಾಳಿ ಕಡಲತೀರಕ್ಕಿಂತ ಶೇ 6–7ರಷ್ಟು ತೆಳು. ಸೈಕಲ್ಲಿಗೆ ಅಷ್ಟು ತಡೆ ಕಡಿಮೆ. ಆದರೆ ಆಷಾಢದ ಗಾಳಿಯ ಮುಂದೆ ಈ ಲಾಭ ಲೆಕ್ಕಕ್ಕೇ ಬರಲ್ಲ.

ಸೆಕೆ ಕೇಳುವ ಬೆಲೆ

ಗಾಳಿ, ಏರು ಸಮಯವನ್ನಷ್ಟೇ ತಿನ್ನುತ್ತವೆ. ಸೆಕೆ ಅದಕ್ಕಿಂತ ಅಪಾಯ.

ನಾವು ತಿಂದ ಅನ್ನ, ಮುದ್ದೆಯ ಶಕ್ತಿಯಲ್ಲಿ ಕಾಲನ್ನು ಚಲಿಸುವಂತೆ ಮಾಡೋಕೆ ಹೋಗೋದು ಐದನೇ ಒಂದು ಅಥವಾ ನಾಲ್ಕನೇ ಒಂದು ಭಾಗ. ಮಿಕ್ಕದ್ದೆಲ್ಲ ಮೈಯೊಳಗೆ ಬಿಸಿಯಾಗುತ್ತೆ. ಅದನ್ನು ಹೊರಹಾಕೋಕೆ ದೇಹದ ಹತ್ತಿರ ಇರೋ ದೊಡ್ಡ ಉಪಾಯ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಬಿಸಿ ಹೊರಹೋಗುತ್ತೆ. ಆದರೆ ಬೆವರು ಆವಿಯಾಗಬೇಕು, ಬರೀ ಸೋರಿದರೆ ಪ್ರಯೋಜನ ಇಲ್ಲ. ಕರಾವಳಿಯ ಹವೆಯಲ್ಲಿ ಮೊದಲೇ ತೇವ ತುಂಬಿರುತ್ತೆ, ಹಾಗಾಗಿ ಬೆವರು ಆವಿಯಾಗದೆ ಕೆಳಗೆ ತೊಟ್ಟಿಕ್ಕುತ್ತೆ. ಆಗ ರಕ್ತವನ್ನು ಕಾಲಿಗೂ ಕಳಿಸಬೇಕು, ತಣ್ಣಗಾಗಲಿ ಅಂತ ಚರ್ಮಕ್ಕೂ ಕಳಿಸಬೇಕು. ಹೃದಯ ಒಂದೇ. ಅದೇ ವೇಗಕ್ಕೆ ಎದೆಬಡಿತ ಏರುತ್ತೆ. ವೇಗ ಇಳಿಸದಿದ್ದರೆ ಮೈಬಿಸಿ ಏರುತ್ತಾ ಹೋಗುತ್ತೆ.

ನಮ್ಮ ಹಿರಿಯೂರು, ಚಳ್ಳಕೆರೆ ಕಡೆಯ ಸೆಕೆ ಬೇರೆ ಜಾತಿ. ಒಣ ಹವೆ. ಬೆವರು ಕಾಣೋ ಮುಂಚೆಯೇ ಆರಿಹೋಗುತ್ತೆ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತೆ. ಬೆವರೇ ಬಂದಿಲ್ಲ ಅಂದುಕೊಂಡು ನೀರು ಕುಡಿಯೋದು ಮರೆತರೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತೆ. ಹೊಲದಲ್ಲಿ ಕೆಲಸ ಮಾಡೋರು ಉಪ್ಪು ಹಾಕಿದ ನೀರು ಮಜ್ಜಿಗೆಯನ್ನು ಚೊಂಬುಗಟ್ಟಲೆ ಕುಡಿಯೋದು ರುಚಿಗಷ್ಟೇ ಅಲ್ಲ.

ಗೋವಾದಲ್ಲಿ 90 ಕಿ.ಮೀ. ಸೈಕಲ್ ಇಳಿದು ಓಡೋಕೆ ಶುರು ಮಾಡುವಾಗ ನಮ್ಮಂಥವರಿಗೆ ಹೊತ್ತು ಹನ್ನೊಂದರ ಮೇಲೆ ಆಗಿರುತ್ತೆ. ನೆತ್ತಿಯ ಮೇಲೆ ಸೂರ್ಯ, ಪಕ್ಕದಲ್ಲಿ ಕಡಲು. ಉತ್ತರ ಯುರೋಪಿನಲ್ಲಿ ನಾನು ಓಡಿದ್ದು 16 ಡಿಗ್ರಿಯಲ್ಲಿ. ನನ್ನ ಅಲ್ಲಿನ ವೇಗವನ್ನು ಗುರಿ ಮಾಡಿಕೊಂಡು ಯಾರಾದರೂ ಗೋವಾದಲ್ಲಿ ಓಡಿದರೆ, ಏಳನೇ ಕಿಲೋಮೀಟರಿಗೆ ಅವರಿಗೆ ಬೇಕಾಗೋದು ಮೆಡಲ್ ಅಲ್ಲ, ಆಂಬುಲೆನ್ಸ್. ಶೀಟಿನಲ್ಲಿ ಊರಿನ ಹೆಸರಿಲ್ಲದೆ ಟೈಮಿಂಗ್ ಮಾತ್ರ ಹಾಕೋದು ಇದಕ್ಕೇ ನನಗೆ ಸರಿ ಕಾಣಲಿಲ್ಲ. ಆ ಅಂಕಿಯನ್ನು ನೋಡಿ ಮುಂದಿನವರು ತಮ್ಮ ಗುರಿ ಇಟ್ಟುಕೊಳ್ಳುತ್ತಾರೆ. ಸೆಕೆಗೆ ಒಗ್ಗಿಕೊಳ್ಳೋಕೆ ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಎಸಿ ಆಫೀಸಿನಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ ಹೋದವರಿಗೆ ಆ ಎರಡು ವಾರ ಸಿಕ್ಕಿರಲ್ಲ. ಓಡುವಾಗ ಬಿಸಿಲಲ್ಲೂ ಚಳಿ ಬಂದಂತಾದರೆ, ಮಾತು ತೊದಲಿದರೆ, ದಾರಿ ತಿಳಿಯದಂತಾದರೆ ಟೈಮಿಂಗ್ ಮರೆತು ಅಲ್ಲೇ ನಿಂತು ಸಹಾಯ ಕೇಳಿ. ಇದನ್ನು ಓದುತ್ತಿರುವವರು ಬೇರೇನು ಮರೆತರೂ ಇದೊಂದನ್ನು ಮರೀಬೇಡಿ.

ನೀರೂ ಒಂದೇ ಥರ ಇರಲ್ಲ

ಈಜಿನ ಕಥೆ ಕೇಳಿ. ತಣ್ಣನೆಯ ನೀರಿದ್ದರೆ ವೆಟ್‌ಸೂಟ್ ಹಾಕಿಕೊಳ್ಳೋಕೆ ಬಿಡುತ್ತಾರೆ. ಅದು ರಬ್ಬರಿನಂಥ ದಪ್ಪ ಉಡುಪು. ಚಳಿ ತಡೆಯುತ್ತೆ, ಜೊತೆಗೆ ಮೈಯನ್ನು ತೇಲಿಸುತ್ತೆ. ಕಾಲು ಮುಳುಗುವ ನನ್ನಂಥವರಿಗೆ ಅದು ವರದಾನ. ನೀರಿನ ಉಷ್ಣತೆ 24.5 ಡಿಗ್ರಿ ದಾಟಿದರೆ ಐರನ್‌ಮ್ಯಾನ್ ನಿಯಮದಂತೆ ವೆಟ್‌ಸೂಟ್ ಹಾಕಿದವರನ್ನು ಪೈಪೋಟಿಯ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಯುರೋಪಿನಲ್ಲಿ ನಾನು ಅದನ್ನು ಹಾಕಿ ತೇಲಿಕೊಂಡು ಹೋದೆ. ಗೋವಾದ ಬೆಚ್ಚನೆಯ ಕಡಲಲ್ಲಿ ಅವಳು ಅದಿಲ್ಲದೆ, ಅಲೆಗಳ ನಡುವೆ ಈಜಿದಳು. ಉಪ್ಪುನೀರು ಸ್ವಲ್ಪ ಹೆಚ್ಚು ತೇಲಿಸುತ್ತೆ, ಸರಿ. ಆದರೆ ಅಲೆಯಲ್ಲಿ ತಲೆಯೆತ್ತಿ ದಾರಿ ನೋಡುವಷ್ಟರಲ್ಲಿ ಆ ಲಾಭ ಕರಗುತ್ತೆ. ಒಂದಿಷ್ಟು ಅಡ್ಡ ಸೆಳೆತ ಇದ್ದರೆ 1.9 ಕಿ.ಮೀ. ಅನ್ನೋದು 2.1 ಆಗೋದು ದೊಡ್ಡ ವಿಷಯ ಅಲ್ಲ.

ನಮ್ಮ ನಾಲ್ಕೂರಿನ ಸುತ್ತಿಗೆ ಈಜು ಸೇರಿಸೋದಾದರೆ ಎಲ್ಲಿ ಅಂತ ಒಮ್ಮೆ ತಮಾಷೆಗೆ ಯೋಚಿಸಿದ್ದೆವು. ಉತ್ತರ ಗೊತ್ತೇ ಇದೆ, ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ. (ಅಲ್ಲಿ ಹೋಗಿ ಈಜಬೇಡಿ, ಇದು ಬರೀ ಲೆಕ್ಕದ ಮಾತು.) ಆದರೆ ಅಲ್ಲಿಯ ದಡ ಯಾವ ವರ್ಷ ಎಲ್ಲಿರುತ್ತೆ ಅಂತ ಹೇಳೋದು ಹೇಗೆ? 1933ರಲ್ಲಿ ತುಂಬಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅವತ್ತು ನೋಡೋಕೆ ಜನ ಬಂಡಿ, ಬೈಕು ಕಟ್ಟಿಕೊಂಡು ಜಾತ್ರೆಯ ಹಾಗೆ ಬಂದಿದ್ದರು. ಬರದ ವರ್ಷಗಳಲ್ಲಿ ಅದೇ ಜಾಗದಲ್ಲಿ ಬಿರುಕುಬಿಟ್ಟ ನೆಲ ಕಾಣುತ್ತಿತ್ತು. ಹಾಗಾಗಿ ಬರೀ ಊರಿನ ಹೆಸರು ಬರೆದರೂ ಸಾಲದು, ಯಾವ ವರ್ಷ, ಯಾವ ತಿಂಗಳು ಅಂತಲೂ ಬರೆಯಬೇಕು.

ದೊಡ್ಡವರು ಏನು ಮಾಡುತ್ತಾರೆ?

ಇದು ನನ್ನೊಬ್ಬನ ತಕರಾರಲ್ಲ. 2011ರಲ್ಲಿ ಕೆನ್ಯಾದ ಜೆಫ್ರಿ ಮುಟಾಯ್ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 3 ನಿಮಿಷ 2 ಸೆಕೆಂಡಿಗೆ ಮುಗಿಸಿದ. ಆಗಿನ ವಿಶ್ವದಾಖಲೆ 2:03:59. ಆದರೂ ಅದನ್ನು ದಾಖಲೆ ಅಂತ ಒಪ್ಪಲಿಲ್ಲ. ಬಾಸ್ಟನ್ ದಾರಿ ಒಂದು ಊರಿಂದ ಇನ್ನೊಂದು ಊರಿಗೆ ಹೋಗುತ್ತೆ, ಒಟ್ಟಾರೆ ಇಳಿಜಾರು, ಅವತ್ತು ಬೆನ್ನಗಾಳಿ ಬೇರೆ ಇತ್ತು. ದಾಖಲೆಗೆ ಲೆಕ್ಕವಾಗಬೇಕಾದರೆ ಹೊರಟ ಜಾಗಕ್ಕೂ ಮುಗಿಸುವ ಜಾಗಕ್ಕೂ ನೇರ ಅಂತರ ರೇಸಿನ ಅರ್ಧ ದೂರ ಮೀರಬಾರದು, ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಯಬಾರದು ಅನ್ನೋದು ನಿಯಮ. ಅದೇ ಬಾಸ್ಟನ್ನಿನವರು ಈಗ, 2027ರ ರೇಸಿಗೆ ಅರ್ಜಿ ಹಾಕುವವರು 1,500 ಅಡಿ ಅಥವಾ ಅದಕ್ಕಿಂತ ಹೆಚ್ಚು ಇಳಿಜಾರಿನ ಕಡೆ ಓಡಿದ್ದರೆ ಅವರ ಟೈಮಿಂಗಿಗೆ 5 ನಿಮಿಷ, 3,000 ಅಡಿ ದಾಟಿದ್ದರೆ 10 ನಿಮಿಷ ಸೇರಿಸುತ್ತೇವೆ ಅಂದಿದ್ದಾರೆ. ದೂರದ ಟ್ರಯಥ್ಲಾನ್‌ನಲ್ಲಂತೂ ರೋಟ್‌ನಂಥ ಸಮಯಗಳನ್ನು ‘ಅತಿ ವೇಗದ ಸಮಯ’ ಅಂತಾರೆಯೇ ಹೊರತು ಮ್ಯಾರಥಾನಿನ ಹಾಗೆ ಪಟ್ಟಿ ಮಾಡಿ ಮೊಹರು ಒತ್ತಿದ ವಿಶ್ವದಾಖಲೆ ಅಂತಲ್ಲ.

ಹಾಗಾದರೆ ಹೋಲಿಸಲೇಬಾರದಾ? ಹೋಲಿಸಬಹುದು. ದಾರಿ ತೋರಿಸಿದ್ದು ಅಪ್ಪನೇ. ಅವರ ಕಾಲದಲ್ಲಿ ಲೀಟರ್ ಡೀಸೆಲ್‌ಗೆ ಯಾರು ಎಷ್ಟು ಕಿಲೋಮೀಟರ್ ಓಡಿಸಿದರು ಅಂತ ಪಟ್ಟಿ ಹಾಕುತ್ತಿದ್ದರಂತೆ. ‘ಒಂದೇ ರೂಟಿನ ಡ್ರೈವರ್‌ಗಳ್ನ ಒಬ್ರಿಗೊಬ್ರು ಹೋಲಿಸಿದ್ರೆ ಯಾರೂ ಮಾತಾಡ್ತಿರ್ಲಿಲ್ಲ. ಘಾಟಿ ರೂಟಿನೋನ್ನ ಬಯಲು ರೂಟಿನೋನ ಪಕ್ಕ ಇಟ್ರೆ ಜಗಳ ಆಗದೆ ಇರ್ತೈತಾ?’

ಅಷ್ಟೇ ವಿಷಯ. ಅವತ್ತು, ಅದೇ ದಾರಿಯಲ್ಲಿ, ಅದೇ ಗಾಳಿ ಬಿಸಿಲಿನಲ್ಲಿ ಹೊರಟವರ ಪೈಕಿ ನೀವು ಎಷ್ಟನೆಯವರು? ನಿಮ್ಮ ವಯಸ್ಸಿನ ಗುಂಪಿನಲ್ಲಿ ನೂರು ಜನ ಇದ್ದರೆ ನಿಮ್ಮ ಹಿಂದೆ ಎಷ್ಟು ಜನ? ರೇಸಿನವರು ಫಲಿತಾಂಶ ಹಾಕೇ ಹಾಕುತ್ತಾರೆ, ಎಣಿಸೋಕೆ ಐದು ನಿಮಿಷ ಸಾಕು. ಇದು ಪೂರ್ತಿ ನ್ಯಾಯ ಅಲ್ಲ. ಒಂದೊಂದು ರೇಸಿಗೆ ಬರುವವರ ಮಟ್ಟ ಒಂದೊಂದು ಥರ. ಆದರೂ ಬರೀ ಟೈಮಿಂಗಿಗಿಂತ ಇದು ಎಷ್ಟೋ ವಾಸಿ.

ನಾನು ಶೀಟಿಗೆ ಎರಡು ಕಾಲಂ ಸೇರಿಸಿದೆ: ‘ಎಲ್ಲಿ, ಯಾವಾಗ’ ಅಂತ ಒಂದು. ‘ಆ ಗುಂಪಿನಲ್ಲಿ ನೂರಕ್ಕೆ ಎಷ್ಟು ಜನಕ್ಕಿಂತ ಮುಂದೆ’ ಅಂತ ಇನ್ನೊಂದು. ತುಂಬಿದ ಮೇಲೆ ಅವಳು ತನ್ನ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನರ ಮುಂದಿದ್ದಳು. ನಾನು ನನ್ನ ಗುಂಪಿನ ಕೊನೆಯ ಮೂರನೇ ಒಂದು ಭಾಗದಲ್ಲಿದ್ದೆ. ಎರಡನೆಯ ಸಾಲಿನಿಂದ ಎಂಟನೆಯ ಸಾಲಿಗೆ ನನ್ನ ಹೆಸರು ನನ್ನ ಕೈಯಿಂದಲೇ ಇಳಿಯಿತು. ‘ನಿನಗೇನಾದ್ರೂ ಹುಚ್ಚಾ, ಫೀಸ್ ಹೋಗುತ್ತೆ’ ಅಂದ ಪಕ್ಕದ ಡೆಸ್ಕಿನವನು.

ಎಚ್‌ಆರ್‌ನವರು ಸುಲಭಕ್ಕೆ ಒಪ್ಪಲಿಲ್ಲ. ‘ಒಂದೇ ನಂಬರ್ ಇದ್ರೆ ಎಲ್ರಿಗೂ ಅರ್ಥ ಆಗುತ್ತೆ’ ಅಂದರು. ಹೊಳಲ್ಕೆರೆ ರಸ್ತೆಯ ಜುಲೈ, ಡಿಸೆಂಬರ್ ಲೆಕ್ಕ ತೋರಿಸಿದೆ. ಡಿಟ್ಲೆವ್‌ನ ಮೂರು ಊರಿನ ಲೆಕ್ಕವನ್ನೂ ತೋರಿಸಿದೆ. ಕೊನೆಗೆ ಈ ವರ್ಷದ ಹಣ ಆಗಲೇ ಹಂಚಿಕೆಯಾಗಿದೆ, ಮುಂದಿನ ವರ್ಷದಿಂದ ಹೊಸ ಕಾಲಂ ನೋಡುತ್ತೇವೆ ಅಂದರು. ಅವಳಿಗೆ ಈ ಸಲ ಫೀಸ್ ಸಿಗಲಿಲ್ಲ. ನನಗೆ ಬಂತು.

ಹೊಸ ಶೀಟನ್ನು ಅವಳಿಗೆ ಕಳಿಸಿದಾಗ ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಗ್ರೂಪಿನಲ್ಲಿ ಸೈಕಲ್ ಮಾರಾಟದ ಮೆಸೇಜ್ ಡಿಲೀಟ್ ಆಗಿತ್ತು. ಆ ಶನಿವಾರ ಹಿರಿಯೂರಿನಿಂದ ಫೋನ್ ಮಾಡಿ, ‘ಹೊಸದುರ್ಗದ ಕಡೆಯಿಂದ ಬೆನ್ನಗಾಳಿ ಅಂದ್ರಲ್ಲ, ಹಾಗಾದ್ರೆ ನಾನು ಎದುರುಗಾಳಿಯಲ್ಲೇ ಪ್ರಾಕ್ಟೀಸ್ ಮಾಡ್ತೀನಿ, ಹಿರಿಯೂರಿಂದ ಹೊರಟು’ ಅಂದಳು. ಅವಳ ಅಪ್ಪ ಟಿವಿಎಸ್‌ನಲ್ಲಿ ನೀರಿನ ಬಾಟಲಿ ಹಿಡಿದು ಹಿಂದೆ ಬರುತ್ತಾರಂತೆ. ಜಗಳ ಆಡಿದ್ದು ಅದೇ ಅಪ್ಪನ ಜೊತೆ.

ನನಗೆ ಸಿಕ್ಕ ಫೀಸನ್ನು ಎಲ್ಲಿಗೆ ಕಟ್ಟೋದು ಅಂತ ಒಂದು ವಾರ ಯೋಚನೆ ಮಾಡಿದೆ. ಸಪಾಟು ರಸ್ತೆ, ತಂಪು ನೀರಿನ ಊರುಗಳ ಪಟ್ಟಿ ಬೇಕಾದಷ್ಟಿದೆ, ಅಲ್ಲಿ ಆರು ಗಂಟೆ ಹತ್ತು ನಿಮಿಷಕ್ಕೂ ಇಳಿಸಬಹುದಿತ್ತು. ಗೋವಾಕ್ಕೆ ಕಟ್ಟಿದೆ. ಗಾಳಿ, ಸೆಕೆ, ಅಲೆ ಎಲ್ಲ ಹಾಕಿ ಲೆಕ್ಕ ಮಾಡಿದರೆ ನನಗೆ 7 ಗಂಟೆ 50 ನಿಮಿಷ ಬೇಕು, ಅವಳಿಗಿಂತ ಹನ್ನೆರಡು ನಿಮಿಷ ಹೆಚ್ಚು. ಎರಡು ವಾರ ಮುಂಚೆಯೇ ಊರಿಗೆ ಹೋಗಿ ಮಧ್ಯಾಹ್ನದ ಬಿಸಿಲಲ್ಲಿ ಓಡಿ ಮೈ ಒಗ್ಗಿಸಿಕೊಳ್ಳಬೇಕು ಅಂತ ಮ್ಯಾನೇಜರ್ ಹತ್ತಿರ ವರ್ಕ್ ಫ್ರಮ್ ಹೋಮ್ ಕೇಳಿದ್ದೇನೆ. ಅಮ್ಮ ಈಗಲೇ ಮಜ್ಜಿಗೆಗೆ ಹೆಪ್ಪು ಹಾಕೋ ಮಾತಾಡುತ್ತಿದ್ದಾರೆ.